ಹಲೋ, ಬ್ಯಾಟರಿಗೆ ನೀರು ಹಾಕಿಸಿದ್ರಾ?

ಶಿವಮೊಗ್ಗದಲ್ಲಿ ಯುಪಿಎಸ್ ಬ್ಯಾಟರಿ ಅಂಗಡಿ ಇಟ್ಟವನಿಗೆ ವರ್ಷಕ್ಕೆ ಎರಡೇ ಕಾಲ. ಮಳೆ ಹಿಡಿಯುವ ಮುಂಚೆ ಒಂದು, ಹಿಡಿದ ಮೇಲೆ ಇನ್ನೊಂದು. ಮೊದಲನೆಯದರಲ್ಲಿ ನಾವು ಗಿರಾಕಿಗಳಿಗೆ ಫೋನ್ ಮಾಡುತ್ತೇವೆ, ಅವರು ಎತ್ತುವುದಿಲ್ಲ. ಎರಡನೆಯದರಲ್ಲಿ ಅವರು ನಮಗೆ ಫೋನ್ ಮಾಡುತ್ತಾರೆ, ಎತ್ತಿ ನಮಗೆ ಪೂರೈಸುವುದಿಲ್ಲ. ಶರಾವತಿಯ ನೀರು ಧುಮುಕಿಸಿ ನಾಡಿಗೆ ಕರೆಂಟು ಕೊಡುವ ಜಿಲ್ಲೆ ನಮ್ಮದು. ಆದರೇನು, ಮೊದಲ ಗಾಳಿಮಳೆಗೆ ಒಂದು ಅಕೇಶಿಯಾ ಮರ ತಂತಿಯ ಮೇಲೆ ಒರಗಿತೆಂದರೆ ವಿನೋಬನಗರದಿಂದ ಗೋಪಾಳದವರೆಗೆ ಕತ್ತಲೆ. ಮೆಟ್ಟಿಲ ಕೆಳಗೆ ತಮ್ಮದೂ ಒಂದು ಬ್ಯಾಟರಿ ಇದೆ, ಅದಕ್ಕೆ ಡಿಸ್ಟಿಲ್ಡ್ ವಾಟರ್ ಹಾಕಿಸಿ ಯುಗವಾಯಿತು ಎಂಬ ಜ್ಞಾನೋದಯ ಎಲ್ಲರಿಗೂ ಆಗುವುದು ಆ ಕತ್ತಲಲ್ಲೇ.

ಬ್ಯಾಟರಿಯ ನೆತ್ತಿಯ ಮೇಲೆ ಆರು ಮುಚ್ಚಳ, ಒಂದೊಂದರಲ್ಲೂ ಒಂದು ತೇಲುಕಡ್ಡಿ. ಹಸಿರು ಗೆರೆ ಕಂಡರೆ ಕ್ಷೇಮ, ಕೆಂಪಿಗೆ ಇಳಿದರೆ ನೀರು ಬೇಕು. ಒಂದನೇ ಕ್ಲಾಸಿನ ಮಗುವೂ ನೋಡಿ ಹೇಳಬಹುದು. ಆದರೆ ನೋಡಲು ಬಗ್ಗಬೇಕು, ಬಗ್ಗುವ ಮೊದಲು ಬ್ಯಾಟರಿಯ ಮೇಲೆ ಪೇರಿಸಿದ ಹಳೆ ಪೇಪರು, ಹರಿದ ಛತ್ರಿ, ಕಳೆದ ಚೌತಿಯ ಮಂಟಪ ಎಲ್ಲವನ್ನೂ ಇಳಿಸಬೇಕು. ಹಾಗಾಗಿ ಯಾರೂ ನೋಡುವುದಿಲ್ಲ. ನೋಡಿದ ಒಬ್ಬಿಬ್ಬರು ಉತ್ಸಾಹದಿಂದ ಬೋರ್‌ವೆಲ್ ನೀರು ಸುರಿದುಬಿಡುತ್ತಾರೆ. ಅದರ ಲವಣ ಒಳಗಿನ ಪ್ಲೇಟುಗಳ ಕಥೆ ಮುಗಿಸಿ ಬ್ಯಾಟರಿ ಸತ್ತರೆ ಬೈಗುಳ ಮಾತ್ರ ನನಗೆ.

ಆದ್ದರಿಂದ ನೆನಪು ಮಾಡುವ ಕೆಲಸ ನಮ್ಮದು, ಅಂದರೆ ಅಂಗಡಿಯಲ್ಲಿ ಕೆಲಸಕ್ಕಿರುವ ಗಿರಿಜಾಳದ್ದು. ರಿಜಿಸ್ಟರ್ ತೊಡೆಯ ಮೇಲಿಟ್ಟುಕೊಂಡು ಒಂದೊಂದೇ ನಂಬರ್ ಒತ್ತುತ್ತಾಳೆ. ಒಂದು ಸ್ವಿಚ್ ಆಫ್, ಒಂದು ಚಾಲ್ತಿಯಲ್ಲಿಲ್ಲ, ಮಿಕ್ಕಿದ್ದಕ್ಕೆಲ್ಲ ಕಾಲರ್ ಟ್ಯೂನು. ಮಾತಾಡಿದ್ದಕ್ಕಿಂತ ಹಾಡು ಕೇಳಿದ್ದೇ ಹೆಚ್ಚಾಗಿ, ಊರಿನ ಭಕ್ತಿಭಾವದ ಏರಿಳಿತವೆಲ್ಲ ಅವಳ ಕಿವಿಯಲ್ಲಿದೆ. “ದುರ್ಗಿಗುಡಿ ರಾಯರು ಮಂತ್ರಾಲಯದಿಂದ ಧರ್ಮಸ್ಥಳಕ್ಕೆ ಬದಲಾಯಿಸಿದಾರೆ ಸಾರ್” ಎಂದು ಒಂದು ದಿನ ವರದಿ ಕೊಟ್ಟಳು. ನೀರಿನ ವಿಷಯ ಏನಾಯ್ತು ಅಂದರೆ, “ಅವರು ಎತ್ತಲಿಲ್ಲ ಸಾರ್.”

ಆಗ ನನ್ನ ತಲೆಗೆ ಆಟೊ ಡಯಲರ್ ಹೊಕ್ಕಿತು. ಯಂತ್ರವೇ ನಂಬರ್ ಒತ್ತುತ್ತದೆ, ಎತ್ತದವರನ್ನು ತಾನೇ ಬಿಟ್ಟು ಮುಂದಕ್ಕೆ ಹೋಗುತ್ತದೆ, ಮನುಷ್ಯರು ‘ಹಲೋ’ ಅಂದಾಗ ಮಾತ್ರ ಕರೆಯನ್ನು ಗಿರಿಜಾಳ ಕಿವಿಗೆ ತಂದು ಹಾಕುತ್ತದೆ. ಅಲ್ಲಿಗೆ ನಮ್ಮದೂ ಒಂದು ಕಾಲ್ ಸೆಂಟರ್. ಕುರ್ಚಿ ಎರಡೇ ಇದ್ದರೇನು? ಒಂದರಲ್ಲಿ ಗಿರಿಜಾ, ಇನ್ನೊಂದರಲ್ಲಿ ಮಧ್ಯಾಹ್ನ ಬಿ.ಕಾಂ. ಕ್ಲಾಸು ಮುಗಿಸಿ ಬರುವ ಸುಮಾ. ಸಾಫ್ಟ್‌ವೇರ್ ಯಾವುದೆಂದು ಗೊತ್ತಾಗುವ ಮೊದಲೇ ಹೆಡ್‌ಸೆಟ್ ತರಿಸಿದೆ, ನನಗೂ ಸೇರಿಸಿ. ಅದನ್ನು ತಲೆಗೆ ಸಿಕ್ಕಿಸಿ, ಮೈಕಿನ ಕಡ್ಡಿಯನ್ನು ಬಾಯಿಯ ಹತ್ತಿರ ಬಾಗಿಸಿಕೊಂಡರೆ ಬರುವ ಗತ್ತೇ ಬೇರೆ. ಕನ್ನಡಿಯಲ್ಲಿ ಎರಡೂ ಪಕ್ಕದಿಂದ ನೋಡಿಕೊಂಡೆ. “ರೀ, ಅನ್ನ ಕಲಸುವಾಗಲಾದರೂ ಅದನ್ನ ತೆಗೀರಿ, ಹುಳಿಗೆ ಬೀಳುತ್ತೆ” ಎಂದಳು ಹೆಂಡತಿ.

ಯಾವುದೋ ಒಂದು ಕಂಪನಿಯ ಫಾರಂ ತುಂಬಿ ‘ಡೆಮೊ ಬೇಕು’ ಎಂಬ ಗುಂಡಿ ಒತ್ತಿದೆ. ಕಾಫಿ ಲೋಟ ತುಟಿಗೆ ಬರುವುದರೊಳಗೆ ಫೋನ್ ಬಂತು. ನೋಯ್ಡಾದಿಂದ. ಅದನ್ನು ಇಡುವುದರೊಳಗೆ ಪುಣೆಯಿಂದ. ಆಮೇಲೆ ಬೆಂಗಳೂರಿನ ಕೋರಮಂಗಲದಿಂದ. ನಾನು ತುಂಬಿದ್ದು ಒಂದು ಫಾರಂ. ಕರೆಗಳು ಮಾತ್ರ ಹೆಸರೇ ಕೇಳದ ಕಂಪನಿಗಳಿಂದಲೂ ಬಂದವು. ಡಯಲರ್ ಮಾರುವವರು ಡಯಲರ್ ಹಿಡಿದೇ ಡಯಲ್ ಮಾಡುತ್ತಾರೆಂಬ ಸರಳ ಸತ್ಯ ಹೊಳೆಯಲು ಒಂದು ಬೆಳಗು ಸಾಕಾಯಿತು. ಬಚ್ಚಲಲ್ಲಿ, ದೇವಸ್ಥಾನದ ಪ್ರದಕ್ಷಿಣೆಯಲ್ಲಿ, ಶವಯಾತ್ರೆಯೊಂದರಲ್ಲಿ ಕೂಡ ಎತ್ತಿದೆ. ಬೇಡ ಎಂದು ಸ್ಪಷ್ಟವಾಗಿ ಹೇಳಿದ ಕಂಪನಿಯಿಂದ ಸಂಜೆ ಇನ್ನೊಬ್ಬಳು ಅದೇ ವಿನಯದಲ್ಲಿ, “ಸರ್, ಬೆಳಿಗ್ಗೆ ನೀವು ತುಂಬಾ ಆಸಕ್ತಿ ತೋರಿಸಿದ್ದಿರಂತೆ” ಎಂದಳು. ಬೆಳಗಿನವನು ತನ್ನ ಪರದೆಯಲ್ಲಿ ಯಾವ ಗುಂಡಿ ಒತ್ತಿದ್ದನೋ! ಇಂಥ ಮಂದಿಯ ಮೇಲೆ ನನಗೆ ಈಗಲೂ ಸಿಟ್ಟಿದೆ. ಆದರೆ ಒಂದು ಉಪಕಾರವಾಯಿತು. ಯಾವ ಡಯಲರ್ ಒಳ್ಳೆಯದು ಎಂದು ತಿಳಿಯಲು ಡೆಮೊ ನೋಡಲೇಬೇಕಿಲ್ಲ. ಮಾರುವವನ ಕರೆ ಎತ್ತಿದ ಮೇಲೆ ನೀವು ಎಷ್ಟು ಸಲ ‘ಹಲೋ’ ಎಂದು ಕೂಗಿದ ನಂತರ ಆ ಕಡೆ ಉಸಿರು ಕೇಳುತ್ತದೆ, ಅಷ್ಟು ಲೆಕ್ಕ ಇಟ್ಟರೆ ಸಾಕು. ನಾನು ಅದಕ್ಕೊಂದು ನೋಟ್‌ಬುಕ್ಕನ್ನೇ ಇಟ್ಟೆ.

ಆ ಮೌನ ಎಲ್ಲಿಂದ ಬರುತ್ತದೆಂದು ತಿಳಿಸಿದವನು ಕೋರಮಂಗಲದ ಹುಡುಗ. ಕನ್ನಡದವನೇ, ಮಾತಿನಲ್ಲಿ ಬೆಣ್ಣೆ. ಡಯಲರ್‌ಗಳಲ್ಲಿ ಜಾತಿಗಳಿವೆ ಸಾರ್, ಎಂದ. ಪ್ರಿವ್ಯೂ ಎಂಬುದು ಪರಮ ಸಾಧು: ಗಿರಾಕಿಯ ಹೆಸರು, ಹಿಂದಿನ ಲೆಕ್ಕಾಚಾರವನ್ನು ಪರದೆಯ ಮೇಲೆ ತೋರಿಸಿ ಸುಮ್ಮನಿರುತ್ತದೆ, ನೀವು ಓದಿ, ಹೂಂ ಎಂದ ಮೇಲೆ ಒತ್ತುತ್ತದೆ. ಪ್ರೋಗ್ರೆಸಿವ್ ನಿಮ್ಮ ಹೂಂಗೆ ಕಾಯುವುದಿಲ್ಲ, ಒಂದು ಕರೆ ಮುಗಿದದ್ದೇ ಇನ್ನೊಂದಕ್ಕೆ ತಾನೇ ಹಚ್ಚುತ್ತದೆ. ಪವರ್ ಡಯಲರ್ ತಲೆಗೆ ಇಂತಿಷ್ಟು ಎಂದು ಒಟ್ಟಿಗೇ ನಾಲ್ಕಾರು ಲೈನು ಹಚ್ಚುತ್ತದೆ. ಇವೆಲ್ಲದರ ಮೇಲೆ ಪ್ರಿಡಿಕ್ಟಿವ್. ಹತ್ತು ಜನಕ್ಕೆ ಹಚ್ಚಿದರೆ ಇಷ್ಟು ಜನ ಎತ್ತುತ್ತಾರೆ, ಅಷ್ಟರೊಳಗೆ ಗಿರಿಜಾಳ ಈಗಿನ ಮಾತು ಮುಗಿದಿರುತ್ತದೆ ಎಂದು ಅಂದಾಜು ಕಟ್ಟಿ, ಅವಳಿನ್ನೂ ಮಾತಾಡುತ್ತಿರುವಾಗಲೇ ಮುಂದಿನವರ ಮನೆಯ ಗಂಟೆ ಬಾರಿಸುತ್ತದೆ. ಅಂದಾಜು ತಪ್ಪಿ ಹೆಚ್ಚು ಜನ ಎತ್ತಿಬಿಟ್ಟರೆ? “ಡ್ರಾಪ್ ಆಗತ್ತೆ ಸಾರ್, ಅಷ್ಟೆ” ಎಂದ. ಮದುವೆಗೆ ಅರ್ಧ ಜನ ಬರುವುದಿಲ್ಲವೆಂಬ ಧೈರ್ಯದ ಮೇಲೆ ಊರಿಗೆಲ್ಲ ಲಗ್ನಪತ್ರಿಕೆ ಹಂಚಿ, ಬಂದವರನ್ನು ಎಲೆಯ ಮುಂದಿನಿಂದ ಎಬ್ಬಿಸಿ ಕಳಿಸುವ ಏರ್ಪಾಡು ಇದು. ನನಗೆ ಆಗ ಹಾಗನ್ನಿಸಲಿಲ್ಲ. ಭವಿಷ್ಯ ಹೇಳುವ ಯಂತ್ರ ನಮ್ಮ ಅಂಗಡಿಗೆ ಬರುತ್ತದೆಂದು ಪುಳಕವೇ ಆಯಿತು.

ಈ ಭವಿಷ್ಯದ ಬೇರು ಹಳೆಯದು. ಡೆನ್ಮಾರ್ಕಿನ ಎರ್ಲಾಂಗ್ ಎಂಬ ಗಣಿತಜ್ಞ ಕೋಪನ್‌ಹೇಗನ್ ಟೆಲಿಫೋನ್ ಕಂಪನಿಯಲ್ಲಿ ಕೂತು, ಜನ ತಮಗೆ ತೋಚಿದಾಗ ಮಾಡುವ ಕರೆಗಳಿಗೂ ಒಂದು ಲೆಕ್ಕವಿದೆ ಎಂದು ತೋರಿಸಿದ. ಎಷ್ಟು ಲೈನು, ಎಷ್ಟು ಆಪರೇಟರು ಇದ್ದರೆ ಎಷ್ಟು ಜನ ಕಾಯಬೇಕಾಗುತ್ತದೆ ಎಂಬುದೆಲ್ಲ ಆ ದಾರಿಯಲ್ಲೇ ಮುಂದೆ ಬಂತು. ಅವನ ಮೊದಲ ಪ್ರಬಂಧ ಅಚ್ಚಾದದ್ದು 1909ರಲ್ಲಿ. ನಮ್ಮ ದೇಶದಲ್ಲಿ ಬೇಡದ ಕರೆಗಳ ಮೇಲೆ ದೂರು ಕೊಡುವ ನಂಬರ್ ಯಾವುದು? 1909! ಕಾಕತಾಳೀಯವೇ ಇರಬೇಕು, ಆದರೂ ಇದನ್ನು ಕಂಡುಹಿಡಿದ ಖುಷಿಗೆ ನಾನು ಆ ದಿನ ಸಿಕ್ಕವರಿಗೆಲ್ಲ ಹೇಳಿದೆ. ಯಾರೂ ನನ್ನಷ್ಟು ಸಂತೋಷಪಡಲಿಲ್ಲ. ಎರ್ಲಾಂಗನ ಲೆಕ್ಕದ ಒಂದು ಸೂಕ್ಷ್ಮವನ್ನು ಕೋರಮಂಗಲದ ಹುಡುಗ ಮಾತ್ರ ಹೇಳಲಿಲ್ಲ. ಇಂಥ ಅಂದಾಜು ನಿಲ್ಲುವುದು ದೊಡ್ಡ ಸಂಖ್ಯೆಯ ಮೇಲೆ. ನೂರು ಜನ ಕೂತು ಮಾತಾಡುವ ಕಡೆ ಯಾರಾದರೊಬ್ಬರು ಈ ಗಳಿಗೆ ಬಿಡುವಾಗೇ ಆಗುತ್ತಾರೆ. ಇಬ್ಬರೇ ಇರುವ ಕಡೆ, ಅದರಲ್ಲೂ ಒಬ್ಬಳು ಟೀ ಕುಡಿಯಲು ಎದ್ದರೆ, ಭವಿಷ್ಯವಾಣಿ ಬರೀ ಜೂಜು.

ಸಣ್ಣ ವ್ಯಾಪಾರಿಗೂ ಟೆಲಿಫೋನಿಗೂ ಇರುವ ಜಗಳ ನನ್ನಿಂದ ಶುರುವಾದದ್ದಲ್ಲ. ಅಮೆರಿಕದಲ್ಲಿ ಸ್ಟ್ರೋಜರ್ ಎಂಬ ಶವಸಂಸ್ಕಾರದ ವ್ಯಾಪಾರಿಯೊಬ್ಬನಿದ್ದ. ಎಕ್ಸ್‌ಚೇಂಜಿನ ಆಪರೇಟರ್ ಹೆಂಗಸು ಎದುರಾಳಿ ಅಂಗಡಿಯವನ ಹೆಂಡತಿ, ತನಗೆ ಬರುವ ಹೆಣಗಳ ಕರೆಯನ್ನೆಲ್ಲ ಗಂಡನ ಕಡೆಗೆ ತಿರುಗಿಸುತ್ತಾಳೆ ಎಂದು ಅವನಿಗೆ ಗುಮಾನಿ ಬಂತಂತೆ. ಆ ಸಿಟ್ಟಿನಲ್ಲಿ ಆಪರೇಟರೇ ಬೇಡದ ಸ್ವಯಂಚಾಲಿತ ಎಕ್ಸ್‌ಚೇಂಜನ್ನು ಕಂಡುಹಿಡಿದು 1891ರಲ್ಲಿ ಪೇಟೆಂಟ್ ಪಡೆದ. ಗುಮಾನಿಯ ಕಥೆ ಎಷ್ಟು ನಿಜವೋ, ಪೇಟೆಂಟಂತೂ ನಿಜ. ನೆಹರೂ ರಸ್ತೆಯ ನನ್ನ ಎದುರಾಳಿ ಅಂಗಡಿಯವನ ಮುಖ ನೆನೆದಾಗ ಸ್ಟ್ರೋಜರ್ ನನಗೆ ಸಂಬಂಧಿಕನೇ ಅನ್ನಿಸುತ್ತಾನೆ.

ಸಂಬಂಧಿಕ ಅಂದೆನಲ್ಲ, ಅಕ್ಕನ ಮಗ ವೈಟ್‌ಫೀಲ್ಡಿನಲ್ಲಿ ಸಾಫ್ಟ್‌ವೇರ್ ಎಂಜಿನಿಯರು. “ಮಾವ, ದುಡ್ಡು ಯಾಕೆ ಕೊಡ್ತೀಯ? ಎಲ್ಲ ಪುಕ್ಕಟೆ ಸಿಗುತ್ತೆ” ಎಂದ. 1999ರಲ್ಲಿ ಮಾರ್ಕ್ ಸ್ಪೆನ್ಸರ್ ಎಂಬ ಕಾಲೇಜು ಹುಡುಗ ತನ್ನ ಪುಟ್ಟ ಕಂಪನಿಗೆ ಫೋನ್ ವ್ಯವಸ್ಥೆ ಕೊಳ್ಳಲು ಕಾಸಿಲ್ಲದೆ ತಾನೇ ಬರೆದುಕೊಂಡ ಸಾಫ್ಟ್‌ವೇರ್ ಆಸ್ಟೆರಿಸ್ಕ್; ಅದನ್ನು ಯಾರು ಬೇಕಾದರೂ ಬಳಸಬಹುದು. ಅದರ ಮೇಲೆ ಕಟ್ಟಿದ ವಿಸಿಡಯಲ್ ಎಂಬ ಡಯಲರ್ ಕೂಡ ಪುಕ್ಕಟೆಯೇ. ಬೇಕಾದದ್ದು ಒಂದು ಕಂಪ್ಯೂಟರು, ಲಿನಕ್ಸು, ಕಂಪ್ಯೂಟರಿಗೆ ಫೋನ್ ಲೈನು ಕೊಡುವ ಎಸ್‌ಐಪಿ ಟ್ರಂಕು. ಬಿಡಿ ಸಿಮ್ಮುಗಳನ್ನು ಪೆಟ್ಟಿಗೆಗೆ ಹಾಕಿ ಡಯಲ್ ಮಾಡಿಸುವ ಯೋಚನೆ ಕನಸಲ್ಲೂ ಬೇಡ, ಪೊಲೀಸರು ಬರುತ್ತಾರೆ ಎಂದೂ ಸೇರಿಸಿದ. ಕೆಟ್ಟರೆ ರಿಪೇರಿ ಯಾರು ಮಾಡುತ್ತಾರೋ ಎಂದೆ. “ನಾನಿಲ್ವಾ? ಒಂದು ಫೋನ್ ಮಾಡು ಸಾಕು.” ಅವನು ತನ್ನ ತಾಯಿಯ ಫೋನನ್ನೇ ಎತ್ತುವುದಿಲ್ಲ. ಪುಕ್ಕಟೆಯ ಬಾಗಿಲು ಅಲ್ಲಿಗೇ ಮುಚ್ಚಿತು.

ಇನ್ನು ಕಾನೂನು. ದೂರಸಂಪರ್ಕ ನಿಯಂತ್ರಕ ಟ್ರಾಯ್‌ನ ನಿಯಮಗಳನ್ನು ಓದುತ್ತಾ ಹೋದಂತೆ ನನ್ನ ಹೆಡ್‌ಸೆಟ್ ತಾನಾಗಿಯೇ ಕೆಳಗಿಳಿಯಿತು. ವ್ಯಾಪಾರದ ಕರೆಗೆ ಫೋನ್ ಕಂಪನಿಗಳ ಡಿಎಲ್‌ಟಿ ಎಂಬ ವೇದಿಕೆಯಲ್ಲಿ ನೋಂದಣಿಯಾಗಬೇಕು. ಪ್ರಚಾರದ ಕರೆಯಾದರೆ 140ರಿಂದ ಶುರುವಾಗುವ ನಂಬರು, ಅದನ್ನು ಕಂಡರೆ ನಾನೇ ಎತ್ತುವುದಿಲ್ಲ. ನೋಂದಣಿಯಿಲ್ಲದೆ ಹೀಗೆ ಕರೆ ಮಾಡುವವರ ಸಂಪರ್ಕಗಳನ್ನೆಲ್ಲ ಕಿತ್ತು ಎರಡು ವರ್ಷದವರೆಗೆ ಕಪ್ಪುಪಟ್ಟಿಗೆ ಹಾಕಿ ಎಂದು 2024ರ ಆಗಸ್ಟಿನಲ್ಲಿ ಫೋನ್ ಕಂಪನಿಗಳಿಗೆ ಆದೇಶ ಹೋಗಿತ್ತು. 2025ರ ಫೆಬ್ರುವರಿಯ ತಿದ್ದುಪಡಿ ಇನ್ನೂ ಬಿಗಿ. ಮೊದಲು ಏಳು ದಿನದಲ್ಲಿ 10 ದೂರು ಬಂದರೆ ಕ್ರಮ, ಈಗ ಹತ್ತು ದಿನದಲ್ಲಿ 5 ದೂರು ಸಾಕು. ಆಟೊ ಡಯಲರ್ ಬಳಸುವುದಾದರೆ ಫೋನ್ ಕಂಪನಿಗೆ ಮುಂಚಿತವಾಗಿ ತಿಳಿಸಲೂ ಬೇಕು. ಐದು ದೂರಿಗೆ ಊರವರೇ ಬೇಕಿಲ್ಲ, ನನ್ನ ಷಡ್ಡಕರೇ ಸಾಕು. ನಮ್ಮದು ಪ್ರಚಾರವಲ್ಲ, ನಮ್ಮಲ್ಲೇ ಬ್ಯಾಟರಿ ಕೊಂಡವರಿಗೆ ಸರ್ವಿಸ್ ನೆನಪಿಸುವ ಕರೆ ಎಂದು ಸಮಾಧಾನ ಮಾಡಿಕೊಂಡು, ಅರ್ಜಿ ಗಿರ್ಜಿ ಎಲ್ಲ ಮುಗಿಸಿ, ಕೋರಮಂಗಲದ ಹುಡುಗನ ಪ್ರಿಡಿಕ್ಟಿವ್ ಡಯಲರನ್ನು ಪ್ರಾಯೋಗಿಕವಾಗಿ ತಂದೆ. ಜೊತೆಗೆ ಅಂಗಡಿಯ ಲ್ಯಾಂಡ್‌ಲೈನಿಗೆ ‘ಕನ್ನಡಕ್ಕಾಗಿ ಒಂದು ಒತ್ತಿ’ ಎನ್ನುವ ಐವಿಆರ್ ಧ್ವನಿ ಉಚಿತ.

ರಿಜಿಸ್ಟರನ್ನು ಎಕ್ಸೆಲ್‌ಗೆ ಏರಿಸಿದ್ದು ಸುಮಾ. ನಂಬರಿನ ಮುಂದೆ 91 ಸೇರಿಸಿ ಎಂದಿದ್ದರು, ಸೇರಿಸಿದಳು. ಎಕ್ಸೆಲ್ ಅದನ್ನು ಫೋನ್ ನಂಬರೆಂದು ಒಪ್ಪದೆ ಯಾವುದೋ ನಕ್ಷತ್ರದ ದೂರ ಎಂದು ತಿಳಿದು, ಇಡೀ ಊರಿಗೆ 9.19 ಇ ಪ್ಲಸ್ 11 ಎಂಬ ಒಂದೇ ನಂಬರು ದಯಪಾಲಿಸಿತು. ಹಾಗೇ ಸೇವ್ ಮಾಡಿದ್ದರಿಂದ ಕೊನೆಯ ಅಂಕಿಗಳೆಲ್ಲ ಸೊನ್ನೆ. ಮತ್ತೆ ಮೊದಲಿಂದ ಹೊಡೆದದ್ದಾಯಿತು. ಹೆಸರಿನ ಕಾಲಮ್ಮಿನಲ್ಲಿ ಇನ್ನೊಂದು ಫಜೀತಿ. ಕರೆಯ ಆರಂಭದಲ್ಲಿ ಗಿರಾಕಿಯ ಹೆಸರನ್ನು ಯಂತ್ರವೇ ಓದಿ ನಮಸ್ಕಾರ ಹೇಳುವ ಸೌಲಭ್ಯವಿತ್ತು. ನಮ್ಮ ರಿಜಿಸ್ಟರಿನಲ್ಲಿ ಹೆಸರುಗಳನ್ನು ಟೆಕ್ನಿಷಿಯನ್ ಮಂಜ ತನ್ನ ಅನುಕೂಲಕ್ಕೆ ಬರೆದುಕೊಂಡಿದ್ದ. ಪರೀಕ್ಷೆಗೆಂದು ಗುಂಡಿ ಒತ್ತಿದಾಗ ಒಂದು ಇಂಪಾದ ಹೆಣ್ಣುದನಿ, “ನಮಸ್ಕಾರ, ನಾಯಿ ಕಚ್ಚುವ ಮನೆ ಶಾಂತಮ್ಮನವರೇ” ಎಂದಿತು. ಆ ಸೌಲಭ್ಯವನ್ನು ಕೂಡಲೇ ಆರಿಸಿದೆವು.

ಪ್ರಯೋಗದ ಮುಹೂರ್ತ ಬಂತು. ಗಿರಿಜಾ, ಸುಮಾ ಹೆಡ್‌ಸೆಟ್ ಧರಿಸಿ ಕೂತರು. ನಾನು ಗಾಜಿನ ಕ್ಯಾಬಿನ್ನಿನಲ್ಲಿ. ಒಂದು ಮಾತು ಹೇಳುವುದು ಮರೆತೆ. ಅಂಗಡಿ ತೆರೆದ ದಿನ ರಿಜಿಸ್ಟರಿನ ಮೊದಲ ಪುಟದಲ್ಲಿ ಶ್ರೀಕಾರ ಬರೆದು, ಶುಭವಾಗಲೆಂದು ಮೊದಲ ಬ್ಯಾಟರಿಯನ್ನು ನಮ್ಮ ಅಂಗಡಿಗೇ ಕೂರಿಸಿ, ಮೊದಲ ಗಿರಾಕಿಯೆಂದು ನಮ್ಮ ಲ್ಯಾಂಡ್‌ಲೈನ್ ನಂಬರನ್ನೇ ಬರೆದಿದ್ದೆ. ಸುಮಾ ಅದನ್ನೂ ಶ್ರದ್ಧೆಯಿಂದ ಏರಿಸಿದ್ದಳು. ಡಯಲರ್ ಪಟ್ಟಿಯ ಮೇಲಿಂದ ಶುರುಮಾಡಿತು.

ಮೊದಲು ಐವಿಆರ್ ಎತ್ತಿತು. ಗಿರಿಜಾ, “ನಮಸ್ಕಾರ ಸಾರ್” ಎಂದಳು. ನಮಗೆ ಕರೆ ಮಾಡಿದ್ದಕ್ಕೆ ವಂದನೆಗಳು ಎಂದಿತು ಅದು. ಮನುಷ್ಯದನಿ ಕೇಳಿತೆಂದು ಡಯಲರ್ ಬೀಗಿರಬೇಕು. ಗಿರಿಜಾ ಒಂದು ಒತ್ತಿದಳು, ಸರ್ವಿಸ್‌ಗಾಗಿ ಎರಡು ಒತ್ತಿದಳು, ನಿಮ್ಮ ಕರೆ ನಮಗೆ ಅಮೂಲ್ಯ ಎಂಬುದನ್ನು ತಾಳ್ಮೆಯಿಂದ ಕೇಳಿದಳು. ಕೊನೆಗೆ ನನ್ನ ಮೇಜಿನ ಫೋನ್ ಹೊಡೆಯಿತು.

ಎತ್ತಿದೆ. “ಹಲೋ.” ಮೌನ. “ಹಲೋ?” ಆಮೇಲೆ, “ನಮಸ್ಕಾರ ಸಾರ್, ನಾನು ಗಿರಿಜಾ ಮಾತಾಡ್ತಿರೋದು. ನಿಮ್ಮ ಯುಪಿಎಸ್ ಬ್ಯಾಟರಿಗೆ ನೀರು ಹಾಕಿಸಿ ಎಷ್ಟು ತಿಂಗಳಾಯ್ತು ಸಾರ್?”

ಗಾಜಿನಾಚೆ ಮೂರು ಮಾರು ದೂರದಲ್ಲಿ ಅವಳ ಜಡೆ, ಜಡೆಯಲ್ಲಿ ಕನಕಾಂಬರ ಕಾಣುತ್ತಿತ್ತು. ಗಾಜನ್ನು ಬೆರಳಿಂದ ತಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ಇಷ್ಟು ಪಾಡುಪಟ್ಟು ತಂದ ಯಂತ್ರ ಮೊದಲು ಹುಡುಕಿಕೊಂಡು ಬಂದದ್ದು ನನ್ನನ್ನು. ಕತ್ತರಿಸುವ ಮನಸ್ಸು ಬರಲಿಲ್ಲ. ಮೇಜಿನಡಿ ಬಗ್ಗಿದೆ. ಅಂಗಡಿಯ ಬ್ಯಾಟರಿಯ ಮೇಲೆ ಜಿಎಸ್‌ಟಿ ಫೈಲು, ನನ್ನ ರೇನ್‌ಕೋಟು, ಆಯುಧಪೂಜೆಯ ಒಣಗಿದ ಚೆಂಡುಹೂವು. ಸರಿಸಿ ನೋಡಿದರೆ ಆರಕ್ಕೆ ಆರೂ ಕಡ್ಡಿ ಕೆಂಪು.

“ಮೊನ್ನೆ ಮೊನ್ನೆ ಹಾಕಿಸಿದೀನಮ್ಮ” ಎಂದೆ.

“ನಮ್ಮ ರಿಜಿಸ್ಟರಲ್ಲಿ ಒಂದು ಸಲವೂ ಹಾಕಿಸಿದ್ದಿಲ್ಲ ಸಾರ್.”

“ಬೇರೆ ಕಡೆಯಿಂದ ಹಾಕಿಸಿದೆ.”

“ಹಂಗಾದ್ರೆ ಕಡ್ಡಿ ಯಾವ ಬಣ್ಣ ತೋರಿಸ್ತಿದೆ ನೋಡಿ ಹೇಳಿ ಸಾರ್.”

“ನೋಡಕ್ಕಾಗಲ್ಲಮ್ಮ, ಮೇಲೆ ಸಾಮಾನಿದೆ.”

“ಎಲ್ಲರೂ ಹಂಗೇ ಅಂತಾರೆ ಸಾರ್.”

ಅವಳ ದನಿಯಲ್ಲಿ ಎಷ್ಟು ವರ್ಷದ ದಣಿವಿತ್ತು ಅಂದರೆ ನಾನು ಕೂಡಲೇ ಶರಣಾದೆ. ಆಯ್ತು, ಕಳಿಸು, ಎಷ್ಟಾಗುತ್ತೆ ಎಂದೆ. ನೀರಿಗೆ ಇಷ್ಟು, ಮನೆಗೆ ಬಂದದ್ದಕ್ಕೆ ಇಷ್ಟು ಎಂದು ಹೇಳಿದಳು. ಬಾಯಿಂದ ತಾನಾಗಿಯೇ ಬಂತು: “ಜಾಸ್ತಿಯಾಯ್ತು.”

“ರೇಟು ಹಾಕಿದ್ದು ನಾನಲ್ಲ ಸಾರ್, ನಮ್ಮ ಓನರು.”

“ಅವರಿಗೆ ಹೇಳಿ ಸ್ವಲ್ಪ ಬಿಡಿಸು.”

“ಅವರು ಬಿಡೋ ಪೈಕಿ ಅಲ್ಲ ಸಾರ್. ದೀಪಾವಳಿಗೇ ಏನೂ ಬಿಟ್ಟಿಲ್ಲ.”

ನಾನು ಕುರ್ಚಿಯಲ್ಲಿ ನೆಟ್ಟಗಾದೆ. “ಹಾಗಂತೀಯಾ? ಜನ ಒಳ್ಳೇವರು ಅಂತಾರಪ್ಪ.”

“ಒಳ್ಳೇವರೇ ಸಾರ್. ಕೈ ಮಾತ್ರ ಬಿಗಿ.”

“ಮತ್ತೆ ಇದೇನೋ ಹೊಸ ಯಂತ್ರಕ್ಕೆಲ್ಲ ದುಡ್ಡು ಸುರಿದಿದಾರಂತಲ್ಲ?”

“ಅದೇ ಸಾರ್ ನಮಗೂ ಆಶ್ಚರ್ಯ. ಫ್ಯಾನು ರಿಪೇರಿ ಮಾಡ್ಸಿ ಅಂತ ಬೇಸಿಗೆಯಿಂದ ಹೇಳ್ತಿದೀವಿ.”

ತಲೆಯೆತ್ತಿ ನೋಡಿದೆ. ಗಿರಿಜಾಳ ನೆತ್ತಿಯ ಮೇಲಿನ ಫ್ಯಾನು ಹೌದು, ನಿಂತೇ ಇತ್ತು. ಅವಳು ತಿರುಗಿ ನೋಡುತ್ತಾಳೇನೋ ಎಂದು ಕಾದೆ. ಜಡೆ ಅಲುಗಲಿಲ್ಲ. ಇನ್ನು ಬಿಡುವುದಿಲ್ಲ ಎಂದು, “ನಿಮ್ಮ ಓನರ್ ಹತ್ತಿರವೇ ಮಾತಾಡ್ತೀನಿ, ಲೈನ್ ಕೊಡು” ಎಂದೆ.

“ಒಂದು ನಿಮಿಷ ಸಾರ್.” ಕಿವಿಯಲ್ಲಿ ವೀಣೆ ಶುರುವಾಯಿತು. ನಾನೇ ಆರಿಸಿದ ವೀಣೆ. ನಿಮ್ಮ ಕರೆ ನಮಗೆ ಅಮೂಲ್ಯ, ದಯವಿಟ್ಟು ಕಾಯಿರಿ. ಕಾದೆ. ನನ್ನ ಮೇಜಿನ ಫೋನಿನ ರಿಸೀವರ್ ನನ್ನ ಕೈಯಲ್ಲೇ ಇದ್ದುದರಿಂದ ಅದು ಹೊಡೆಯುವ ಸಂಭವ ಇರಲಿಲ್ಲ, ಆದರೂ ಕಾದೆ. ಸ್ವಲ್ಪ ಹೊತ್ತಿಗೆ ಗಿರಿಜಾ ಮತ್ತೆ ಬಂದಳು.

“ಅವರ ಲೈನು ಬಿಜಿ ಇದೆ ಸಾರ್. ಯಾರೋ ಗಿರಾಕಿ ಹತ್ರ ಚೌಕಾಸಿ ಮಾಡ್ತಿರಬೇಕು.”

ಅವಳಿಗೆ ಗೊತ್ತಿತ್ತೇ? ಆಮೇಲೆ ಕೇಳಿದರೆ, “ಸ್ಕ್ರಿಪ್ಟ್ ಬಿಟ್ಟು ಒಂದು ಮಾತೂ ಆಡ್ಬೇಡಿ ಅಂತ ಆ ಹುಡುಗ ಹೇಳಿದ್ದನಲ್ಲ ಸಾರ್” ಎಂದಳು. ಕರೆಯ ಫಲಿತಾಂಶ ತುಂಬುವ ಜಾಗದಲ್ಲಿ ‘ಗಿರಾಕಿ ಒಪ್ಪಿದ್ದಾರೆ, ದುಡ್ಡು ಮೊದಲೇ ಇಸಿದುಕೊಳ್ಳಿ’ ಎಂದು ಬರೆದಿದ್ದಳು. ಸವಳಂಗ ರಸ್ತೆಯಲ್ಲಿದ್ದ ಮಂಜನ ಮೊಬೈಲಿಗೆ ಜಾಬ್ ಕಾರ್ಡ್ ಹೋಗಿ, ಅವನು ಮಳೆಯಲ್ಲಿ ನೆನೆದು ಬಂದು, “ಅಣ್ಣಾ, ಇದು ನಮ್ಮ ಅಡ್ರೆಸ್ಸೇ ಅಲ್ವಾ?” ಎಂದು ಕೇಳಿ, ಹೌದಾದರೂ ನೀರು ಹಾಕಿ ಚಾರ್ಜು ವಸೂಲಿ ಮಾಡಿದ.

ನಾನು ಹೀಗೆ ಚೌಕಾಸಿಯಲ್ಲಿದ್ದಾಗ ಡಯಲರ್ ಸುಮ್ಮನೆ ಕೂತಿರಲಿಲ್ಲ. ಒಂದು ಕರೆಗೆ ಸರಾಸರಿ ಒಂದು ನಿಮಿಷ ಎಂದು ಕೋರಮಂಗಲದ ಹುಡುಗ ಅದಕ್ಕೆ ತುಂಬಿಕೊಟ್ಟಿದ್ದ. ಗಿರಿಜಾಳದ್ದು ಇನ್ನೇನು ಮುಗಿಯಿತು ಎಂಬ ಭರವಸೆಯಲ್ಲಿ ಅದು ಪಟ್ಟಿಯ ಮುಂದಿನವರ ಮನೆಗಳಿಗೆಲ್ಲ ಗಂಟೆ ಬಾರಿಸುತ್ತಲೇ ಇತ್ತು. ಸುಮಾ ಒಬ್ಬಳಿಗೆ ಎಷ್ಟು ದಕ್ಕೀತು? ಎತ್ತಿದ ಉಳಿದವರಿಗೆಲ್ಲ ಮೌನ, ಆಮೇಲೆ ಕಟ್.

ಮಾರನೆಯ ದಿನ ಮಧ್ಯಾಹ್ನ ಗೋಪಾಳದಿಂದ ಆಟೊ ಮಾಡಿಕೊಂಡು ನಮ್ಮ ಮೇಷ್ಟ್ರು ಬಂದರು. ನನಗೆ ಹೈಸ್ಕೂಲಿನಲ್ಲಿ ಲೆಕ್ಕ ಕಲಿಸಿದವರು. ಪಂಚೆಯ ಅಂಚು ಒದ್ದೆ.

“ಏನೋ, ನಿನ್ನ ಅಂಗಡಿಯಿಂದ ಫೋನ್ ಬಂತಲ್ಲೋ. ಎತ್ತಿದೆ, ಯಾರೂ ಮಾತಾಡಲಿಲ್ಲ. ಹಲೋ ಹಲೋ ಅಂದೆ. ವಾಪಸ್ ಮಾಡಿದರೆ ಒಂದು ಒತ್ತಿ ಎರಡು ಒತ್ತಿ ಅಂತು. ಏನಾಗಿದೆ?”

ಏನಿಲ್ಲ ಮೇಷ್ಟ್ರೇ, ಬ್ಯಾಟರಿ ನೀರಿನ ವಿಷಯ ಎಂದೆ. ಅವರ ಹೆಂಡತಿಯನ್ನು ಮಂಗಳೂರಿನಲ್ಲಿ ಆಪರೇಷನ್ನಿಗೆ ಸೇರಿಸಿದ್ದರು, ಮಗ ಜೊತೆಯಲ್ಲಿದ್ದ. ಇವರು ಮಂಡಿನೋವಿನಿಂದ ಹೋಗಲಾಗದೆ ಮನೆಯಲ್ಲಿ ಫೋನು ಕಾಯುತ್ತಿದ್ದರು. ಹೊಸ ನಂಬರು ಕಂಡಿತು, ಆಸ್ಪತ್ರೆಯದೇ ಎಂದು ಎತ್ತಿದ್ದರು.

“ಅಷ್ಟೇ ತಾನೆ? ನನ್ನ ಕಿವಿಯೇ ಹೋಯ್ತೇನೋ ಅಂದುಕೊಂಡುಬಿಟ್ಟೆ. ಅವರು ಅಲ್ಲಿಂದ ಏನೋ ಹೇಳ್ತಿದಾರೆ, ನನಗೆ ಕೇಳ್ತಿಲ್ಲ ಅಂತ. ರಾತ್ರಿಯೆಲ್ಲ ಅದೇ.” ಸ್ವಲ್ಪ ಸುಧಾರಿಸಿಕೊಂಡು, “ನನ್ನ ಬ್ಯಾಟರಿಗೆ ನೀರು ಬೇಡ ಕಣೋ. ಪ್ರತಿ ತಿಂಗಳು ಒಂದನೇ ತಾರೀಕು ನಾನೇ ನೋಡ್ತೀನಿ. ಹಸಿರಿದೆ” ಎಂದರು.

ಅಮೆರಿಕದಲ್ಲಿ ಇಂಥ ಮೌನದ ಕರೆಗಳಿಗೊಂದು ನಿಯಮವಿದೆ. ಎತ್ತಿದವರು ಹಲೋ ಎಂದು ಮುಗಿಸಿದ 2 ಸೆಕೆಂಡಿನೊಳಗೆ ಅವರಿಗೆ ಮನುಷ್ಯರು ಸಿಗದಿದ್ದರೆ ಅದು ಕೈಬಿಟ್ಟ ಕರೆ, ಅಂಥವು ನೂರಕ್ಕೆ 3ನ್ನು ಮೀರಬಾರದು. ಮೇಷ್ಟ್ರು ಹೋದ ಮೇಲೆ ನಾನು ಆ 3ರ ಬಗ್ಗೆ ಬಹಳ ಹೊತ್ತು ಯೋಚಿಸಿದೆ. ಹಾಗೆ ಕೈಬಿಟ್ಟುಹೋಗುವವರು ಯಾರು? ಫೋನ್ ಎತ್ತಿದವರು. ಷಡ್ಡಕರಂತೂ ಎತ್ತುವುದೇ ಇಲ್ಲ. ಗಿರಿಜಾಳ ಎರಡು ನಿಮಿಷ ಉಳಿಸಲು ಎತ್ತುವ ಮನಸ್ಸಿದ್ದವರ ಹಲೋವನ್ನು ಗಾಳಿಗೆ ಬಿಡುವ ಲೆಕ್ಕವನ್ನು, ಅದೂ ಲೆಕ್ಕದ ಮೇಷ್ಟ್ರ ಮೇಲೆಯೇ, ನಾನು ಹಾಕಿದ್ದೆ.

ಕೋರಮಂಗಲಕ್ಕೆ ಫೋನ್ ಮಾಡಿ ಪ್ರಿಡಿಕ್ಟಿವ್ ಬೇಡ, ಪ್ರಿವ್ಯೂ ಕೊಡು ಎಂದೆ. “ಅದು ತುಂಬ ಸ್ಲೋ ಸಾರ್, ಕಾಂಪಿಟೀಷನ್ನಿನಲ್ಲಿ ಹಿಂದೆ ಬೀಳ್ತೀರಿ” ಎಂದು ಹೆದರಿಸಿದ. ಕಾಂಪಿಟೀಷನ್ನಿನವನು ನೆಹರೂ ರಸ್ತೆಯಲ್ಲಿ ಇನ್ನೂ ಡೈರಿ ನೋಡಿ ಫೋನ್ ಮಾಡುತ್ತಾನೆ ಎಂದು ಅವನಿಗೆ ಹೇಳಲಿಲ್ಲ.

ಈಗ ಪರದೆಯ ಮೇಲೆ ಹೆಸರು ಬರುತ್ತದೆ, ಗಿರಿಜಾ ಓದುತ್ತಾಳೆ, ಬೆಳಿಗ್ಗೆ ಮಾಡಬೇಕೋ ಸಂಜೆಯೋ ಎಂದು ಯೋಚಿಸಿ ಒತ್ತುತ್ತಾಳೆ. ಶಾಂತಮ್ಮನವರ ಹೆಸರಿನ ಪಕ್ಕ ನಾಯಿಯ ವಿಷಯ ಮಂಜನಿಗೆ ಮಾತ್ರ ಕಾಣುವ ಹಾಗೆ ಇದೆ. ಮೇಷ್ಟ್ರ ಹೆಸರು ಪಟ್ಟಿಯಲ್ಲಿಲ್ಲ. ಹೆಡ್‌ಸೆಟ್ ಮಾತ್ರ ನಾನು ಬಿಟ್ಟಿಲ್ಲ. ಫ್ಯಾನು ರಿಪೇರಿಯಾಗಿದೆ.

ಸಣ್ಣ ಅಂಗಡಿ ಇಟ್ಟುಕೊಂಡು ಡಯಲರ್ ಕೊಳ್ಳುವ ಯೋಚನೆಯಲ್ಲಿರುವವರಿಗೆ ನನ್ನ ತೀರ್ಪು ಇಷ್ಟು: ಕೂತು ಮಾತಾಡುವವರು ಇಬ್ಬರೋ ಮೂವರೋ ಆದರೆ ಪ್ರಿವ್ಯೂ ಸಾಕು, ಭವಿಷ್ಯ ಹೇಳುವ ಯಂತ್ರದ ಗೊಡವೆ ಬೇಡ. ಬ್ಯಾಟರಿ ಇಟ್ಟುಕೊಂಡವರಿಗೆ ಒಂದು ವಿನಂತಿ. ಮಳೆ ಹಿಡಿಯುವ ಮುಂಚೆ ಒಮ್ಮೆ ಬಗ್ಗಿ ಕಡ್ಡಿ ನೋಡಿ, ಕೆಂಪಿದ್ದರೆ ನೀವೇ ಫೋನ್ ಮಾಡಿ. ಭಾನುವಾರ ರಜೆ.